ಊರ ಮಾತಿಗೆ ಅಂಕ ಕಳೆಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಅರಸೀಕೆರೆ ಕಡೆ ಈಚೆಗೆ ನಡೆದ ಮಕ್ಕಳ ಕಥೆ ಹೇಳುವ ಸ್ಪರ್ಧೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ರಾಜನ ಮಾತನ್ನು ಪುಸ್ತಕದ ಕನ್ನಡದಲ್ಲಿ ಆಡಿದಳು. ಅವನೆದುರು ನ್ಯಾಯ ಕೇಳಲು ಬಂದ ಅಜ್ಜಿಯ ಮಾತು ಮಾತ್ರ ಅವಳ ಊರಿನದೇ: ‘ನಿಮ್ ಕುದ್ರೆ ನನ್ ರಾಗಿ ಒಲ ಎಲ್ಲಾ ಮೇದಾಕೈತೆ ಬುದ್ದಿ, ಇನ್ನು ನಾ ಉಣ್ಣದೇನು?’ ಇಡೀ ಸಭೆ ಕಿವಿಗೊಟ್ಟು ಕೇಳುತ್ತಿತ್ತು. ತೀರ್ಪುಗಾರರು ‘ಉಚ್ಚಾರಣೆ ಅಶುದ್ಧ, ಹಕಾರ ಬರುವುದಿಲ್ಲ’ ಎಂದು ಅಂಕ ಕಳೆದರು.

ಅದೇ ವೇದಿಕೆಯಲ್ಲಿ ಸಂಜೆ ಹಾಸ್ಯ ಕಾರ್ಯಕ್ರಮವಿತ್ತು. ಕುಡುಕನಿಗೆ, ಮನೆಗೆಲಸದವಳಿಗೆ ಇದೇ ಮಾತು ಹಚ್ಚಿ ಚಪ್ಪಾಳೆ ಗಿಟ್ಟಿಸಿದರು. ಡಾಕ್ಟರು, ಮೇಷ್ಟ್ರು ಬಂದಾಗ ಶುದ್ಧ ಕನ್ನಡ! ನಮ್ಮ ಮಾತು ನಗಿಸಲಿಕ್ಕೆ ಆದೀತು, ನ್ಯಾಯ ಕೇಳಲಿಕ್ಕೆ ಆಗದು ಅಂತ ಮಕ್ಕಳು ಇದನ್ನು ನೋಡಿಯೇ ಕಲಿಯುತ್ತಾರೆ. ನನಗೆ ಸಂಕಟವಾದದ್ದು ಇದಕ್ಕೇ.

ನಾನು ಮೂಡಲಪಾಯ ಯಕ್ಷಗಾನದಲ್ಲಿ ವೇಷ ಕಟ್ಟುವವನು. ನಮ್ಮಲ್ಲಿ ರಾಜವೇಷಗಳದು ಪ್ರೌಢ ಮಾತು, ಹಾಸ್ಯಪಾತ್ರ ಹನುಮನಾಯಕನದು ಊರ ಮಾತು. ಅವನು ನಗಿಸುತ್ತಾನೆ ನಿಜ. ಆದರೆ ರಾಜನನ್ನೇ ತಡೆದು ‘ಅದ್ಯಾಕೆ ಅಂಗೆ?’ ಎಂದು ಕೇಳುವ ಸಲಿಗೆಯೂ ಅವನದೇ. ಅವನು ಬಾಯಿ ತೆರೆದರೆ ನಡುರಾತ್ರಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ, ಇವನು ನಮ್ಮವನು ಅನ್ನಿಸುತ್ತದೆ. ಯಾವ ಪಾತ್ರದ ಬಾಯಲ್ಲಿ ಯಾವ ಮಾತು ಬರಬೇಕೆಂಬ ಈ ವಿವೇಚನೆ ನಮಗೆ ಬರಲು ವರ್ಷಗಟ್ಟಲೆ ಹಿಡಿಯಿತು. ಆ ಮಗುವಿಗೆ ಅದು ಆಗಲೇ ಬಂದಿದೆ.

ಹಕಾರದ ವಿಚಾರಕ್ಕೆ ಬಂದರೆ, ಹಳಗನ್ನಡದ ‘ಪಾಲ್’ ‘ಹಾಲು’ ಆಯಿತು, ನಮ್ಮ ಕಡೆ ‘ಆಲು’ ಆಯಿತು. ಮೊದಲನೆಯದನ್ನು ವ್ಯಾಕರಣವೆಂದು ಪಾಠ ಮಾಡಿ ಎರಡನೆಯದನ್ನು ಅಶುದ್ಧ ಎಂದರೆ ಹೇಗೆ? ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದು ಎಂದು ನವೆಂಬರಿನಲ್ಲಿ ಭಾಷಣ ಮಾಡುವವರು ಈ ಜಿಲ್ಲೆಯ ಮಕ್ಕಳ ಬಾಯಲ್ಲಿರುವ ಕನ್ನಡವನ್ನೂ ಗೌರವಿಸಬೇಕು.

ಪ್ರಬಂಧಕ್ಕೆ, ವಾರ್ತೆ ಓದುವುದಕ್ಕೆ ಶಿಷ್ಟ ಕನ್ನಡ ಬೇಕು, ಖಂಡಿತ ಕಲಿಸಲಿ. ಕಥೆ, ಏಕಪಾತ್ರಾಭಿನಯ, ನಾಟಕದ ಸ್ಪರ್ಧೆಗಳಲ್ಲಿ ಮಾತ್ರ ಸಂಘಟಕರು ಅಂಕಪಟ್ಟಿಯಿಂದ ‘ಉಚ್ಚಾರಣೆ ಶುದ್ಧಿ’ ಎಂಬ ಕಾಲಂ ತೆಗೆದು ‘ಪಾತ್ರಕ್ಕೊಪ್ಪುವ ಮಾತು’ ಎಂದು ಹಾಕಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಸೋಬಾನೆ ಪದ ಹೇಳುವವರೋ ಬಯಲಾಟದವರೋ ಇರಲಿ. ಕರೆದರೆ ನಮ್ಮ ಮೇಳದವರು ಸಂಭಾವನೆಯಿಲ್ಲದೆ ಬರುತ್ತೇವೆ.

– ಮೂಡಲಪಾಯ ಕಲಾವಿದ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ