ತೀರ್ಥಹಳ್ಳಿಯ ಆ ಗೂಡ್ಸ್ ಆಟೋ ಅಣ್ಣನಿಗೆ

ಸಾಮಾನು ಇಳಿಸಿದ್ರೆ ನಿಮ್ಮ ಕೆಲಸ ಮುಗೀತಿತ್ತು ಅಣ್ಣಾ. ಹಲಸಿನ ಮರದ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಾಗ ಸೀಟಿನಡಿಯಿಂದ ಸ್ಪ್ಯಾನರ್ ತಂದು, ಕಾಲು ಬಿಚ್ಚಿ, ಒಳಗೆ ಮತ್ತೆ ಜೋಡಿಸಿಕೊಟ್ರಿ.

ಬೀರುವನ್ನು ಪಶ್ಚಿಮದ ಗೋಡೆಗೆ ಒತ್ತಿ ಇಡ್ತಿದ್ದೆವು. "ಬ್ಯಾಡ ಮಾರಾಯ್ರೆ, ಮುಂಗಾರಿನ ಇರಚಲು ಹೊಡೆಯೋದೇ ಆ ಗೋಡೆಗೆ. ಥಂಡಿ ಹಿಡಿದು ಬಟ್ಟೆಗೆಲ್ಲ ಬೂಷ್ಟು ಬರ್ತದೆ" ಅಂದು, ಒಳಗೋಡೆ ಪಕ್ಕ ಗೇಣಗಲ ಜಾಗ ಬಿಟ್ಟು ನಿಲ್ಲಿಸಿದ್ರಿ. ಕಾಲಿನಡಿಗೆ ಮರದ ತುಂಡು ಬೇರೆ! ಬಯಲುಸೀಮೆಯಿಂದ ಬಂದ ನಮಗೆ ಇದೆಲ್ಲ ಯಾರು ಹೇಳ್ತಾರೆ?

ಈಗ ಪುನರ್ವಸು ಮಳೆ ಬಿಟ್ಟೂಬಿಡದೆ ಹೊಡೀತಿದೆ. ಆ ಗೋಡೆ ಮುಟ್ಟಿದರೆ ಒದ್ದೆ. ಬೀರುವಿನ ಸೀರೆಗಳು ಮಾತ್ರ ಗರಿಗರಿ. ನನ್ನಾಕೆ ನಿಮ್ಮನ್ನು ನೆನೆಯದ ದಿನವಿಲ್ಲ.

ಬಾಡಿಗೆ ಮೇಲೆ ಕೊಟ್ಟ ದುಡ್ಡೂ ಮುಟ್ಟಲಿಲ್ಲ, ಹೆಸರೂ ಹೇಳಲಿಲ್ಲ. ತುಂಬಾ ಧನ್ಯವಾದ. ಈ ಕಡೆ ಬಂದರೆ ಊಟಕ್ಕೇ ಬನ್ನಿ, ಬರೀ ಕಾಫಿಗಲ್ಲ.