ರಿವ್ಯೂ ಬಿಟ್ಟೋಗತ್ತೆ ಅಂದ ಮಗಳಿಗೆ

ಪುಟ್ಟಿ,

ವಾರಕ್ಕೊಂದ್ಸಲ ಕೂತು ಬಾಕಿ ಕೆಲಸದ ಲಿಸ್ಟೆಲ್ಲ ನೋಡ್ಕೊಳ್ಳೋ ಆ ವಾರದ ರಿವ್ಯೂ ಎರಡು ವಾರ ನಡೆಯತ್ತೆ ಆಮೇಲೆ ಬಿಟ್ಟೋಗತ್ತೆ ಅಂದ್ಯಲ್ಲ, ಅದೇ ತಲೇಲಿ ಕೂತಿದೆ. ಫೋನಲ್ಲಿ ಹೇಳೋಕೆ ಹೋದ್ರೆ ಪೂರ್ತಿ ಹೇಳೋಕಾಗಲ್ಲ, ಅದಕ್ಕೆ ಬರೀತಿದೀನಿ.

ನೀನು ಸೋಮಾರಿ ಅಂತ ನಂಗ್ಯಾವತ್ತೂ ಅನ್ಸಿಲ್ಲ. ಆಗ್ತಿರೋದೇನು ಅಂದ್ರೆ ರಿವ್ಯೂ ಅಂತ ಕೂತ್ಕೊಂಡು ನೀನು ಕೆಲಸಾನೇ ಶುರು ಹಚ್ಕೋತೀಯ, ಒಂದು ಮೇಲ್ ಕಾಣತ್ತೆ, ಅದಕ್ಕೆ ರಿಪ್ಲೈ ಮಾಡೋಕೆ ಒಂದು ಫೈಲ್ ಬೇಕು, ಫೈಲ್ ಹುಡುಕ್ತಾ ಹುಡುಕ್ತಾ ಹಳೇ ಫೋಲ್ಡರೆಲ್ಲ ಕ್ಲೀನ್ ಮಾಡೋಕೆ ಕೂರ್ತೀಯ, ಎರಡು ಗಂಟೆ ಹೋಯ್ತು, ಲಿಸ್ಟ್ ಮಾತ್ರ ಇದ್ದಲ್ಲೇ ಇದೆ. ಇನ್ನು ಮುಂದಿನ ವಾರ ಅದನ್ನ ನೆನೆಸ್ಕೊಂಡ್ರೇ ಸುಸ್ತಾಗಲ್ವಾ? ಆ ಹೊತ್ತಲ್ಲಿ ಕೆಲಸ ಮಾಡ್ಬೇಡಮ್ಮ. ನೋಡು, ತೀರ್ಮಾನ ಮಾಡು, ಬರ್ಕೋ, ಅಷ್ಟೇ.

ಮೊದ್ಲು ಹೋದ ವಾರದ ಕ್ಯಾಲೆಂಡರ್ ನೋಡು, ಯಾರಿಗೋ ಏನೋ ಕಳಿಸ್ತೀನಿ ಅಂದಿದ್ದು ಅಲ್ಲೇ ನೆನಪಾಗೋದು. ಆಮೇಲೆ ಮುಂದಿನ ಎರಡು ವಾರದ್ದು. ಮೀಟಿಂಗಲ್ಲಿ ಗೀಚಿದ ಚೀಟಿ, ನಿನಗೆ ನೀನೇ ಕಳಿಸ್ಕೊಂಡ ವಾಟ್ಸಾಪ್ ಮೆಸೇಜು, ಅದೆಲ್ಲ ಒಂದೇ ಲಿಸ್ಟಿಗೆ ಬರ್ಲಿ.

ನಿಜವಾದ ಕೆಲಸ ಇರೋದು ಆ ಲಿಸ್ಟಲ್ಲೇ. ತಿಂಗಳಿಂದ "ಇನ್ಶೂರೆನ್ಸ್" ಅಂತ ಒಂದೇ ಪದ ಬಿದ್ದಿರತ್ತೆ ನೋಡು, ಪ್ರತಿ ಸಲ ಕಣ್ಣು ಅದನ್ನ ದಾಟಿ ಹೋಗತ್ತೆ, ಯಾಕಂದ್ರೆ ಅಲ್ಲಿ ಮಾಡೋ ಕೆಲಸ ಏನು ಅಂತಾನೇ ಬರ್ದಿಲ್ಲ. ಅದನ್ನ ಹೊಡೆದಾಕಿ "ಮಂಗಳವಾರ ಊಟ ಆದ್ಮೇಲೆ ಹಳೇ ಪಾಲಿಸಿ ಪೇಪರ್ ಹುಡುಕಿ ರಿನ್ಯೂವಲ್ ಡೇಟ್ ನೋಡೋದು" ಅಂತ ಬರಿ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸಾನೇ ಜಾಸ್ತಿ ನೆನಪಲ್ಲಿರತ್ತೆ ಅಂತ 1927ರಲ್ಲೇ ಬ್ಲೂಮಾ ಝೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ ಬರೆದಿದ್ರು. 2011ರಲ್ಲಿ ಮಸಿಕಾಂಪೊ, ಬೌಮೈಸ್ಟರ್ ಅನ್ನೋ ಇಬ್ರು ಅದನ್ನೇ ಮುಂದುವರಿಸಿ, ಕೆಲಸ ಮುಗೀದೇ ಇದ್ರೂ ಪರ್ವಾಗಿಲ್ಲ, ಯಾವಾಗ ಹೇಗೆ ಮಾಡೋದು ಅಂತ ಪಕ್ಕಾ ಪ್ಲಾನ್ ಇದ್ರೆ ಮನಸ್ಸು ಅದನ್ನ ಕೆದಕ್ತಾ ಇರೋದು ಕಮ್ಮಿ ಆಗತ್ತೆ ಅಂತ ತೋರ್ಸಿದ್ರು. ರಾತ್ರಿ ಮಲಗಿದ್ಮೇಲೆ ಇದು ಬಾಕಿ ಅದು ಬಾಕಿ ಅಂತ ಎದ್ದು ಕೂರ್ತೀಯಲ್ಲ, ನಂಗಿರೋ ಚಿಂತೆ ಅದೇ, ಆಫೀಸ್ ಕೆಲಸದ್ದಲ್ಲ.

ಇನ್ನು ಬಿಟ್ಟೋದ ವಾರದ ವಿಷ್ಯ. ಲಂಡನ್ನಲ್ಲಿ ಫಿಲಿಪಾ ಲ್ಯಾಲಿ ಮತ್ತೆ ಜೊತೆಯವ್ರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು, ದಿನಾ ಮಾಡೋ ಒಂದು ಸಣ್ಣ ಕೆಲಸ ತಾನಾಗೇ ಆಗೋ ಅಭ್ಯಾಸ ಆಗ್ಬೇಕಾದ್ರೆ ಸುಮಾರು 66 ದಿನ, ಕೆಲವ್ರಿಗೆ 18, ಇನ್ನು ಕೆಲವ್ರಿಗೆ 254 ದಿನಾನೂ ಬೇಕಾಗ್ಬೋದು ಅಂತ ಬಂತು, ಮಧ್ಯೆ ಒಂದು ದಿನ ತಪ್ಪಿದ್ರೆ ಹೆಚ್ಚೇನೂ ವ್ಯತ್ಯಾಸ ಆಗ್ಲಿಲ್ಲ. ಅದು ದಿನಾ ಮಾಡೋದ್ರ ಲೆಕ್ಕ, ವಾರಕ್ಕೊಂದು ಸಲದ್ದು ವರ್ಷಕ್ಕೆ 52 ಸಲ ಮಾತ್ರ ಬರೋದು, ಹಾಗಾಗಿ ಇದು ಮೈಗೂಡೋಕೆ ಇನ್ನೂ ನಿಧಾನ ಅಂತಾನೇ ಇಟ್ಕೋ, ಅದರಲ್ಲಿ ನಿನ್ ತಪ್ಪೇನಿಲ್ಲ ಕಂದಾ. ಮೂರು ವಾರ ತಪ್ಪಿದ್ರೆ ಆ ಮೂರನ್ನೂ ಬಾಕಿ ತೀರ್ಸೋಕೆ ಹೋಗ್ಬೇಡ, ಇವತ್ತಿನ ಲಿಸ್ಟ್ ಮಾತ್ರ ತೆಗಿ. ತುಂಬಾ ಸುಸ್ತಾದ ವಾರ ಕ್ಯಾಲೆಂಡರ್ ಅಷ್ಟೇ ನೋಡಿ ಎದ್ದೇಳು, ಹತ್ತು ನಿಮಿಷ ಸಾಕು, ಆದ್ರೆ ಕೂರೋದನ್ನ ಮಾತ್ರ ತಪ್ಪಿಸ್ಬೇಡ.

ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚೋಕೆ ಮುಂಚೆ ಇಟ್ಕೋ, ಭಾನುವಾರ ಬೇಡ, ಆ ದಿನ ನಿಂಗೆ ರೆಸ್ಟ್ ಬೇಕು. ಮುಗಿದ್ಮೇಲೆ ಒಂದು ಮೆಸೇಜ್ ಹಾಕು, ಲಿಸ್ಟಿಂದ ಏನೇನು ಕಿತ್ತಾಕಿದೆ ಅಂತ ಹೇಳು.

ನಿನ್ನ
ಅಪ್ಪ