ರಿಬೌಂಡ್‌ಗೆ ಯಾಕೆ ಹೋಗ್ಲಿಲ್ಲ ಅಣ್ಣ?

ಮಾರಾಯ,

ಇಲ್ಲಿ ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿದೆ. ಎಲ್ಲರೂ ಹೂಮಳೆಗೆ ಕಾಯ್ತಾ ಇದ್ದಾರೆ. ನಾನು ಮಾತ್ರ ಸಂಜೆಯಾದರೆ ನಮ್ಮ ಕೊಡಗಿನ ಪೊನ್ನಂಪೇಟೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದೇನೆ. ನಗಬೇಡ, ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತೆ.

ಇದಕ್ಕೆ ಯೂನಿಫೈಡ್ ಅಂತಾರೆ. 1968ರಲ್ಲಿ ಶಿಕಾಗೋದಲ್ಲಿ ಯೂನಿಸ್ ಕೆನಡಿ ಶ್ರೈವರ್ ಶುರುಮಾಡಿದ ಸ್ಪೆಷಲ್ ಒಲಿಂಪಿಕ್ಸ್ ಇದೆಯಲ್ಲ (ಪ್ಯಾರಾಲಿಂಪಿಕ್ಸ್ ಬೇರೆ, ನೀನು ಖಂಡಿತ ಗೊಂದಲ ಮಾಡ್ಕೋತೀಯ), ಅವರ ಪದ್ಧತಿ. ಕೋರ್ಟಿನ ಐವರಲ್ಲಿ ಮೂವರು ಬೌದ್ಧಿಕ ಅಂಗವೈಕಲ್ಯ ಇರುವವರು, ಇಬ್ಬರು ಇಲ್ಲದವರು. ಅವರು ಅಥ್ಲೀಟ್, ನಾವು ಪಾರ್ಟ್ನರ್. ಆಟ ಯಾರದು ಅನ್ನೋದು ಆ ಹೆಸರಲ್ಲೇ ಇದೆ. ನಾವು ಆಡೋ ರಿಂಗಿನ ಎತ್ತರ ಮಾತ್ರ ಅದೇ 10 ಅಡಿ.

ಮೊದಲ ದಿನ ನಾನು ಕಾಲೇಜಿನ ಗತ್ತಲ್ಲೇ ಇಳಿದೆ. ರಿಂಗಿಗೆ ಬಡಿದು ವಾಪಸ್ ಬರೋ ಬಾಲನ್ನು ಹಿಡಿಯೋ ರಿಬೌಂಡು ನಂದೇ, ಡ್ರಿಬ್ಲು ನಂದೇ, ನಾಲ್ಕು ಬಾಸ್ಕೆಟ್ಟೂ ನಂದೇ. ಚಪ್ಪಾಳೆ ಕಾಯ್ತಾ ಇದ್ದೆ, ಕೋಚ್ ಮೇಡಂ ವಿಸಿಲ್ ಊದಿದರು. "ನೀವೊಬ್ರೇ ಆಡೋದಾದ್ರೆ ಇವರ್ಯಾಕೆ ಜರ್ಸಿ ಹಾಕ್ಕೊಂಡು ಬಂದ್ರು ಸರ್?" ಪಾರ್ಟ್ನರ್ ಆಟವನ್ನು ತನ್ನ ಕೈಗೆ ತಗೊಳ್ಳೋ ಹಾಗಿಲ್ಲ ಅಂತ ನಿಯಮವೇ ಇದೆಯಂತೆ.

ಮರುದಿನ ಇನ್ನೊಂದು ತುದಿಗೆ ಹೋದೆ. ಮಗುವಿಗೆ ಕೊಡೋ ಥರ ಮೆತ್ತಗೆ ಪಾಸ್. 7ನೇ ನಂಬರಿನ ಹುಡುಗ ಬಾಲನ್ನು ನೆಲಕ್ಕಿಟ್ಟು ಸೊಂಟದ ಮೇಲೆ ಕೈಯಿಟ್ಟ. "ಅಣ್ಣ, ಗಟ್ಟಿಯಾಗಿ ಎಸಿ." ಮೆಣಸಿನ ಚೀಲ ಹೊತ್ತು ಜಡ್ಡುಗಟ್ಟಿದ ಕೈ ಅದು, ನನ್ನದಕ್ಕಿಂತ ಗಟ್ಟಿ.

ಅವನು ಶೂಟ್ ಮಾಡೋದನ್ನ ನೀನು ನೋಡಬೇಕು. ಬಾಲನ್ನು ಕಂಕುಳಲ್ಲಿ ಸಿಕ್ಕಿಸಿ ಬಲಗೈ ಚಡ್ಡಿಗೆ ಒರೆಸ್ತಾನೆ, ಆಚೆ ಕಂಕುಳಿಗೆ ಬದಲಾಯಿಸಿ ಎಡಗೈ. ತುಟಿ ಏನೋ ಎಣಿಸುತ್ತೆ. ಆಮೇಲೇ ಎಸೆತ. ಆ ಹೊತ್ತಲ್ಲಿ ನಾನು ಹಿಂದಿನಿಂದ "ಶೂಟ್, ಶೂಟ್" ಅಂತ ಕಿರುಚಿದರೆ ಎಣಿಕೆ ತಪ್ಪುತ್ತೆ, ಬಾಲು ಎದುರಾಳಿ ಪಾಲು. ಬಾಯಿ ಮುಚ್ಚಿಕೊಂಡಿರೋದು ಕಲಿಯೋಕೆ ನನಗೆ ಎರಡು ವಾರ ಹಿಡಿಯಿತು.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಅಜ್ಜಿ ಮೊಮ್ಮಕ್ಕಳು ಒಂದೇ ಟೀಮಲ್ಲಿ ಸ್ಟಿಕ್ ಹಿಡೀತಾರೆ. ಆದರೂ ಈ ಹುಡುಗ ಅಲ್ಲಿ ನೀರಿನ ಬಾಟಲಿ ಕಾಯ್ತಾ ಕೂರ್ತಿದ್ದ. ಎಷ್ಟೋ ಸಲ ಅವನ ಕೈಯಿಂದಲೇ ನೀರು ಕುಡಿದಿದ್ದೇನೆ. 'ಬಾ, ಆಡು' ಅಂತ ಒಮ್ಮೆಯೂ ಕರೆಯಲಿಲ್ಲ.

ಕಳೆದ ಭಾನುವಾರ ಕುಶಾಲನಗರದವರ ಎದುರು ಒಂದು ಪಾಯಿಂಟ್ ಹಿಂದಿದ್ದೆವು, ಕೊನೇ ನಿಮಿಷ. ನನ್ನ ಮುಂದೆ ಯಾರೂ ಇಲ್ಲ, ರಿಂಗಿನ ಬುಡಕ್ಕೇ ಓಡಿ ಹಾಕೋ ಲೇಅಪ್ ಸಲೀಸು. ಪಕ್ಕದಲ್ಲಿ ಅವನ ಕೈ ಎದ್ದಿತ್ತು. ಗಟ್ಟಿಯಾಗೇ ಎಸೆದೆ. ಒರೆಸಿದ, ಎಣಿಸಿದ, ಎಸೆದ. ಬಾಲು ರಿಂಗಿಗೆ ಬಡಿದು ಹೊರಗೆ. ಸೋತೆವು.

ಸಮಾಧಾನ ಹೇಳೋಣ ಅಂತ ಹತ್ತಿರ ಹೋದರೆ ನನ್ನ ಮೇಲೇ ರೇಗಿದ: "ರಿಬೌಂಡ್‌ಗೆ ಯಾಕೆ ಹೋಗ್ಲಿಲ್ಲ ಅಣ್ಣ?"

ಹೌದಲ್ಲ! ತ್ಯಾಗ ಮಾಡಿದ ಖುಷಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಿದ್ದೆ.

ಮುಂದಿನ ತಿಂಗಳು ಬರುವಾಗ ಶೂ ತಗೊಂಡು ಬಾ. ಒಬ್ಬ ಪಾರ್ಟ್ನರ್ ಕಮ್ಮಿ ಇದ್ದಾನೆ.

ನಿನ್ನವ